ಸೀರೆಯ ಮಡಿಕೆಯೂ ಅಮೂರ್ತವೂ ಒಂದೇ ಕ್ಯಾನ್ವಾಸಿನಲ್ಲಿ ಕೂಡುವ ಜಾಗ

ಇಳಕಲ್ ಸೀರೆಯಲ್ಲಿ ಸೆರಗು ಒಡಲಿಗೆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಹೊಲಿಗೆ ಇಲ್ಲ. ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸಿರುತ್ತಾರೆ. ನೇಕಾರರು ತೋಪ್ ತೆಣಿ ಅನ್ನುವುದು ಈ ಜೋಡಣೆಗೇ. ಒಡಲು ಹತ್ತಿ, ಸೆರಗು ರೇಷ್ಮೆ. ಗುಣ ಬೇರೆ, ಹೊಳಪು ಬೇರೆ, ಬಣ್ಣ ಬೇರೆ. ಆದರೂ ಉಟ್ಟಾಗ ಯಾರಿಗೂ ಅದು ಎರಡು ಬಟ್ಟೆ ಅನ್ನಿಸುವುದಿಲ್ಲ.

ತೈಲವರ್ಣದಲ್ಲಿ ವಾಸ್ತವಿಕವಾದ ಬಟ್ಟೆಯ ಮಡಿಕೆಯನ್ನೂ ಅಮೂರ್ತ ಬಣ್ಣದ ಹರವನ್ನೂ ಒಟ್ಟಿಗೆ ತರಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಕಡೆ ಸಿಗುವುದಿಲ್ಲ. ಇಂಥ ಚಿತ್ರಗಳು ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮಡಿಕೆ ಚೆನ್ನಾಗಿರುತ್ತದೆ, ಹಿಂದಿನ ಬಣ್ಣವೂ ಚೆನ್ನಾಗಿರುತ್ತದೆ, ನಡುವೆ ಕತ್ತರಿಸಿ ಅಂಟಿಸಿದ ಗೆರೆ ಕಾಣುತ್ತದೆ. ಕುಣಿಕೆಯೇ ಬಿದ್ದಿರುವುದಿಲ್ಲ. ಈ ಬರಹದ ಬಹುಪಾಲು ಆ ಕುಣಿಕೆಯ ಬಗ್ಗೆ.

ಹಿಂದಿನವರು ಹಿಡಿದ ದಾರಿಗಳು ಕಣ್ಣ ಮುಂದಿದ್ದರೆ ಒಳ್ಳೆಯದು. ರವಿವರ್ಮ (1848–1906) ಸೀರೆಯನ್ನು ಪೂರ್ತಿ ವಾಸ್ತವಿಕವಾಗಿ ಬರೆದ. ಜರಿ ಎಲ್ಲಿ ಹೊಳೆಯಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದಕ್ಕೆ ಅವನ ಚಿತ್ರಗಳೇ ಪಾಠ. ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ 1907–08ರ ಸುಮಾರಿಗೆ ಮುಖ ಮತ್ತು ಕೈಗಳನ್ನು ವಾಸ್ತವಿಕವಾಗಿ ಉಳಿಸಿಕೊಂಡು ಬಟ್ಟೆಯನ್ನು ಚಪ್ಪಟೆ ವಿನ್ಯಾಸ ಮಾಡಿದ. ಸ್ಕಾಟ್‌ಲೆಂಡಿನ ಆಲಿಸನ್ ವಾಟ್ ಮೈಯನ್ನೇ ತೆಗೆದುಹಾಕಿ ಬಿಳಿ ಬಟ್ಟೆಯ ಮಡಿಕೆಗಳನ್ನಷ್ಟೇ ದೊಡ್ಡದಾಗಿ ಬರೆದಳು. ಹತ್ತಿರ ನಿಂತರೆ ಮಡಿಕೆಯೇ ಅಮೂರ್ತವಾಗಿಬಿಡುತ್ತದೆ. ಈ ಮೂರರಲ್ಲಿ ನನಗೆ ಹೆಚ್ಚು ಕಲಿಸುವಂತೆ ಕಾಣುವುದು ಕೊನೆಯದು. ಮಡಿಕೆಯ ಒಳಗೇ ಅಮೂರ್ತ ಇದೆ ಅಂತ ಒಪ್ಪಿಕೊಂಡರೆ ಅದನ್ನು ಹೊರಗಿನಿಂದ ತಂದು ಸೇರಿಸುವ ಕಷ್ಟ ಅರ್ಧ ಕಡಿಮೆ.

ಮೊದಲು ಬಟ್ಟೆ. ಇಳಕಲ್ ಸಿಗದಿದ್ದರೆ ಗದಗ-ಬೆಟಗೇರಿಯ ಕೈಮಗ್ಗದ ಸೀರೆ, ಗುಳೇದಗುಡ್ಡದ ಖಣ, ಗರಗ ಅಥವಾ ಬೆಂಗೇರಿಯ ಖಾದಿ, ಯಾವುದಾದರೂ ಸರಿ. ಆದರೆ ಒಂದೊಂದೂ ಬೇರೆ ಬೇರೆ ಥರ ಮಡಿಯುತ್ತದೆ. ಖಾದಿ ದಪ್ಪ: ಮಡಿಕೆ ಕಡಿಮೆ, ತಿರುವು ಅಗಲ, ನೆರಳಿನ ಅಂಚು ಮೆತ್ತಗೆ. ತೆಳು ಹತ್ತಿ ಕೋನ ಕೋನವಾಗಿ ಮುರಿಯುತ್ತದೆ. ರೇಷ್ಮೆಯಲ್ಲಿ ಅತಿ ಬೆಳಕು ಮತ್ತು ಕಡುಗಪ್ಪು ಪಕ್ಕಪಕ್ಕದಲ್ಲೇ ಕೂತಿರುತ್ತವೆ, ನಡುವಿನ ಛಾಯೆಗೆ ಜಾಗವೇ ಇರುವುದಿಲ್ಲ. ಹತ್ತಿಯಲ್ಲಿ ಅದಕ್ಕೆ ತಿರುಗಾಮುರುಗಾ, ನಡುಛಾಯೆಯೇ ಮುಕ್ಕಾಲು ಭಾಗ. ಇಳಕಲ್ ಸೀರೆಯಲ್ಲಿ ಈ ಎರಡೂ ಒಂದೇ ಬೆಳಕಿನ ಕೆಳಗೆ ಅಕ್ಕಪಕ್ಕ ಸಿಗುತ್ತವೆ. ಹೀಗಾಗಿ ಅಭ್ಯಾಸಕ್ಕೆ ಅದೇ ಲೇಸು.

ಒಂದೇ ಮೊಳೆಗೆ ತೂಗಿಬಿಟ್ಟರೆ ಮಡಿಕೆಗಳು ಮೇಲೆ ಕೂಡಿ ಕೆಳಗೆ ಹರಡುತ್ತವೆ, ಕೊಳವೆಗಳ ಹಾಗೆ. ಎರಡು ಮೊಳೆಗಳ ನಡುವೆ ಸಡಿಲ ಬಿಟ್ಟರೆ ಜೋಲಿಯ ಹಾಗೆ ಜೋತು, ನಡುವೆ ಎದುರುಬದುರು ಮಡಿಕೆ ಬೀಳುತ್ತವೆ. ಕುರ್ಚಿಯ ಬೆನ್ನಿನ ಮೇಲಿಂದ ನೆಲಕ್ಕೆ ಬಿಟ್ಟರೆ ಕೆಳಗೆ ಸತ್ತು ಬಿದ್ದ ಮಡಿಕೆಗಳ ರಾಶಿ. ಮೊದಲ ಚಿತ್ರಕ್ಕೆ ಒಂದೇ ಮೊಳೆ ಸಾಕು. ಆಧಾರ ಬಿಂದು ಎಲ್ಲಿದೆ, ಎಳೆತ ಎತ್ತ ಹೋಗುತ್ತಿದೆ ಅನ್ನುವುದು ಕಣ್ಣಿಗೆ ನೇರ ಕಾಣುತ್ತದೆ. ಮಡಿಕೆ ಸುಳ್ಳು ಕಾಣಲು ಬಹಳ ಸಲ ಕಾರಣ ಇಷ್ಟೇ: ಗೆರೆಗಳು ಯಾವ ಆಧಾರ ಬಿಂದುವಿಗೂ ಹೋಗಿ ಮುಟ್ಟುವುದಿಲ್ಲ, ನಡುವೆ ಎಲ್ಲೋ ಹುಟ್ಟಿ ಎಲ್ಲೋ ಸಾಯುತ್ತವೆ.

ತೂಗುಹಾಕಿದ ಬಟ್ಟೆ ಒಂದು ರಾತ್ರಿಯಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಇನ್ನಷ್ಟು ಜೋಲುತ್ತದೆ. ಆದ್ದರಿಂದ ತೂಗುಹಾಕಿದ ದಿನವೇ ಬರೆಯಲು ಕೂರಬಾರದು. ಒಂದು ದಿನ ಬಿಟ್ಟು, ಮುಖ್ಯ ಮಡಿಕೆಗಳಿಗೆ ಹಿಂದಿನಿಂದ ಗುಂಡುಪಿನ್ನು ಚುಚ್ಚಿ, ಕೂರುವ ಜಾಗಕ್ಕೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ. ವಾರಗಟ್ಟಲೆ ಬೇಕಾದರೆ ಇನ್ನೊಂದು ಉಪಾಯ ಇದೆ. ಲಿಯೊನಾರ್ಡೊ ಹುಡುಗನಾಗಿದ್ದಾಗ ಜೇಡಿಮಣ್ಣಿನಲ್ಲಿ ಅದ್ದಿದ ಬಟ್ಟೆಯನ್ನು ಬೊಂಬೆಗೆ ಹೊದಿಸಿ ಮಡಿಕೆಗಳ ಅಭ್ಯಾಸ ಮಾಡುತ್ತಿದ್ದ ಎಂದು ಇಟಲಿಯ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಇವತ್ತು ಅದನ್ನು ಫೆವಿಕಾಲ್ 1 ಪಾಲು, ನೀರು 2 ಪಾಲು ಕಲಸಿ ಮಾಡಬಹುದು: ಹಳೆಯ ಧೋತರ ಅದ್ದಿ, ಹಿಂಡಿ, ತೂಗುಹಾಕಿ, ಒದ್ದೆ ಇರುವಾಗಲೇ ಮಡಿಕೆ ತಿದ್ದಿ ಒಂದು ದಿನ ಒಣಗಿಸಿದರೆ ತಿಂಗಳಾದರೂ ಕದಲುವುದಿಲ್ಲ. ಒಳ್ಳೆಯ ಸೀರೆಗೆ ದಯವಿಟ್ಟು ಇದನ್ನು ಮಾಡಬೇಡಿ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ಯುರೋಪಿನ ಕೈಪಿಡಿಗಳೆಲ್ಲ ಉತ್ತರದ ಕಿಟಕಿ ಎನ್ನುತ್ತವೆ, ಯಾಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವತ್ತೂ ಉತ್ತರಕ್ಕೆ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೋಡ ಸರಿದ ಕೂಡಲೇ ಉತ್ತರದ ಕಿಟಕಿಯಲ್ಲೂ ಬಿಸಿಲು ಬೀಳುತ್ತದೆ, ನೆರಳುಗಳು ಅರ್ಧ ಗಂಟೆಯಲ್ಲಿ ಜಾಗ ಬದಲಿಸುತ್ತವೆ. ಆ ತಿಂಗಳುಗಳಲ್ಲಿ ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಇಲ್ಲವೇ ಕಿಟಕಿ ಮುಚ್ಚಿ 5000 ಕೆಲ್ವಿನ್ನಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ) 90ಕ್ಕಿಂತ ಹೆಚ್ಚಿರುವ ಒಂದೇ ಎಲ್‌ಇಡಿ ದೀಪವನ್ನು ಪಕ್ಕದಿಂದ, 45 ಡಿಗ್ರಿ ಮೇಲಿನಿಂದ ಹಾಕಿ. ಎರಡನೇ ದೀಪ ಬೇಡ. ಎರಡು ದೀಪ ಹಾಕಿದರೆ ಒಂದೊಂದು ಮಡಿಕೆಗೂ ಎರಡೆರಡು ನೆರಳು ಬಿದ್ದು ಬಟ್ಟೆ ಸುಕ್ಕು ಕಾಗದದಂತೆ ಕಾಣುತ್ತದೆ.

ಕ್ಯಾನ್ವಾಸಿಗೆ 30×40 ಇಂಚು ಹದವಾದ ಅಳತೆ. ಇದಕ್ಕಿಂತ ಸಣ್ಣದಾದರೆ ಮಡಿಕೆ ಮತ್ತು ಬಣ್ಣದ ಹರವು ಎರಡಕ್ಕೂ ಉಸಿರಾಡಲು ಜಾಗ ಸಾಲದು. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ, ಅಕ್ರಿಲಿಕ್ ಜೆಸ್ಸೊ, ಮೂರು ಕೈ, ಒಂದೊಂದಕ್ಕೂ ನಡುವೆ ಪೂರ್ತಿ ಒಣಗಿಸಿ 220 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಬೇಕು. ಮಡಿಕೆ ಬರುವ ಭಾಗವನ್ನು ಮಾತ್ರ ಇನ್ನೊಮ್ಮೆ 320ರಲ್ಲಿ ತಿಕ್ಕಿದರೆ ನುಣುಪು ಬರುತ್ತದೆ. ಅಮೂರ್ತ ಭಾಗದಲ್ಲಿ ನೇಯ್ಗೆಯ ಒರಟು ಇದ್ದರೆ ಒಳ್ಳೆಯದೇ, ಚಿತ್ರಕಾರರ ಚಾಕುವಿನಿಂದ ಹಾಕುವ ದಪ್ಪ ಬಣ್ಣ ಅಲ್ಲಿ ಹಿಡಿದುಕೊಳ್ಳುತ್ತದೆ. ಮೇಲೆ ಬರ್ನ್ಟ್ ಸಿಯೆನ್ನಾ ಮತ್ತು ರಾ ಅಂಬರ್ ಸೇರಿಸಿ ಟರ್ಪಂಟೈನಿನಲ್ಲಿ ತೆಳು ಮಾಡಿ ಬಳಿದು ಅರಿವೆಯಿಂದ ಒರೆಸಿ. ಧಾರವಾಡದ ಕೆಂಪು ನೆಲದ ಬಣ್ಣ ಅದು, ಇಳಕಲ್ ಕೆಂಪಿನ ಕೆಳಗೆ ಬೆಚ್ಚಗೆ ಕೂರುತ್ತದೆ.

ಈಗ ಇದ್ದಿಲಿನಲ್ಲಿ ರೇಖೆ. ಇಲ್ಲಿ ಮಡಿಕೆಯ ಗೆರೆ ಎಳೆಯಬೇಡಿ, ನೆರಳಿನ ಆಕಾರಗಳನ್ನು ಎಳೆಯಿರಿ. ಕಣ್ಣು ಅರೆಮುಚ್ಚಿ ನೋಡಿದರೆ ಇಪ್ಪತ್ತು ಮಡಿಕೆಗಳು ಐದಾರು ಕಪ್ಪು ತುಂಡುಗಳಾಗಿ ಕೂಡಿಕೊಳ್ಳುತ್ತವೆ. ಕೆಲವು ಉದ್ದ ಬೆಣೆ, ಕೆಲವು ಕೊಕ್ಕೆ, ಎರಡು ಮಡಿಕೆ ಕೂಡುವಲ್ಲಿ ಕವಲೊಡೆದ ಕೊಂಬೆ. ಇವೇ ಚಿತ್ರದ ಅಮೂರ್ತ ಭಾಗದ ಅಕ್ಷರಮಾಲೆ. ಬೇರೆ ಯಾವ ಆಕಾರವನ್ನೂ ಹೊಸದಾಗಿ ಕಲ್ಪಿಸುವ ಅಗತ್ಯ ಇಲ್ಲ. ಬಲಕ್ಕೆ ಬಟ್ಟೆ ಇದ್ದು ಎಡಕ್ಕೆ ಬಣ್ಣದ ಹರವು ಬರುವುದಾದರೆ, ಎಡಗಡೆಯ ದೊಡ್ಡ ಆಕಾರ ಈ ಬೆಣೆಗಳಲ್ಲಿ ಒಂದನ್ನು ಮೂರು ಪಟ್ಟು ಹಿಗ್ಗಿಸಿದ್ದಾಗಿರಲಿ. ನೋಡುವವರು ಅದನ್ನು ಗುರುತಿಸಲಿಕ್ಕಿಲ್ಲ, ಆದರೂ ಎರಡೂ ಒಂದೇ ಮನೆಯವು ಅನ್ನುವುದು ಕಣ್ಣಿಗೆ ಗೊತ್ತಾಗುತ್ತದೆ.

ಅಮೂರ್ತ ಭಾಗಕ್ಕೆ ಇನ್ನೊಂದು ಮೂಲ ನವಲಗುಂದದ ಜಮಖಾನೆ. ಅದು ಮಡಿಯುವ ಬಟ್ಟೆಯಲ್ಲ, ಹಾಸುವ ಬಟ್ಟೆ. ವಿನ್ಯಾಸ ಪೂರ್ತಿ ಜ್ಯಾಮಿತಿ, ಅದರಲ್ಲಿನ ನವಿಲು ಕೂಡ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸೀರೆ ಆಳವನ್ನು ಕೊಟ್ಟರೆ ಜಮಖಾನೆ ಚಪ್ಪಟೆಯನ್ನು ಕೊಡುತ್ತದೆ. ಅದರ ಒಂದು ಪಟ್ಟಿ, ಒಂದು ಮೆಟ್ಟಿಲಂಚು ಸಾಕು, ಇಡೀ ಜಮಖಾನೆ ನಕಲು ಮಾಡಿದರೆ ಅದು ಮತ್ತೆ ವಸ್ತುಚಿತ್ರವೇ ಆಗುತ್ತದೆ.

ಮೊದಲ ಪದರ ರಾ ಅಂಬರ್ ಒಂದೇ ಬಣ್ಣದಲ್ಲಿ, ಬರೀ ಟರ್ಪಂಟೈನ್ ಸ್ವಲ್ಪ ಬೆರೆಸಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಒಂದೆರಡು ದಿನ ಸಾಕು. ನೆರಳಿನ ತುಂಡುಗಳನ್ನಷ್ಟೇ ತುಂಬಿ, ಬೆಳಕಿನ ಭಾಗವನ್ನು ಅರಿವೆಯಿಂದ ಒರೆಸಿ ತೆಗೆಯಿರಿ. ಎರಡನೇ ಪದರಕ್ಕೆ 1 ಪಾಲು ಎಣ್ಣೆ, 3 ಪಾಲು ಟರ್ಪಂಟೈನ್. ಮೂರನೆಯದಕ್ಕೆ 1ಕ್ಕೆ 2. ಕೊನೆಯ ತೆಳು ಗ್ಲೇಜಿಗೆ, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರಕ್ಕೆ, ಸ್ಟ್ಯಾಂಡ್ ಆಯಿಲ್ (ಕಾಯಿಸಿ ಮಂದ ಮಾಡಿದ ಅಗಸಿ ಎಣ್ಣೆ) 1ಕ್ಕೆ 1. ಮೇಲೆ ಹೋದಂತೆ ಎಣ್ಣೆ ಹೆಚ್ಚಬೇಕು. ಇದು ತಪ್ಪಿ ಕೆಳಗೆ ಎಣ್ಣೆ ಹೆಚ್ಚಾದರೆ, ಮೇಲಿನ ಪದರ ಮೊದಲೇ ಒಣಗಿ ಗಟ್ಟಿಯಾಗಿ, ಕೆಳಗಿನದು ನಿಧಾನವಾಗಿ ಒಣಗುತ್ತ ಕದಲುವಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಗದಗಿನ ಎರೆಹೊಲ ಬಿರಿಯುವುದನ್ನು ನೋಡಿದವರಿಗೆ ಆ ಬಿರುಕಿನ ಆಕಾರ ಹೊಸದಲ್ಲ.

ಎಣ್ಣೆಯ ಮಾತು ಬಂತು. ಅಗಸಿಯೂ ಕುಸುಬಿಯೂ ನಮ್ಮ ಹೊಲಗಳಲ್ಲೇ ಬೆಳೆಯುವ ಬೆಳೆಗಳು, ಚಿತ್ರಕಾರರು ಬಳಸುವ ಎರಡು ಮುಖ್ಯ ಎಣ್ಣೆಗಳೂ ಅವೇ. ಹಾಗಂತ ಗಾಣದ ಎಣ್ಣೆಯನ್ನು ನೇರ ಬಳಸುವಂತಿಲ್ಲ. ಗಾಣದ ಅಗಸಿ ಎಣ್ಣೆಯಲ್ಲಿ ಲೋಳೆಯ ಅಂಶ ಉಳಿದಿರುತ್ತದೆ, ಒಣಗಲು ತಡ, ಹಳದಿಗೆ ತಿರುಗುವುದೂ ಹೆಚ್ಚು. ಅಡುಗೆಗೆಂದು ಮಾರುವ ಕುಸುಬಿ ಎಣ್ಣೆಗೆ ಕೆಡದಂತೆ ಉತ್ಕರ್ಷಣ ತಡೆಯುವ ಪದಾರ್ಥ ಸೇರಿಸಿರಬಹುದು. ಬಣ್ಣ ಒಣಗುವುದು ಗಾಳಿಯ ಆಮ್ಲಜನಕವನ್ನು ಹೀರಿಯೇ ಆದ್ದರಿಂದ ಅಂಥ ಎಣ್ಣೆ ತಿಂಗಳಾದರೂ ಅಂಟಂಟಾಗೇ ಉಳಿಯುತ್ತದೆ. ಚಿತ್ರಕಾರರಿಗೆಂದೇ ಸಂಸ್ಕರಿಸಿದ್ದನ್ನೇ ಕೊಳ್ಳಿ. ಅಗಸಿಯ ಪದರ ಗಟ್ಟಿ, ಆದರೆ ಹಳದಿಯಾಗುತ್ತದೆ. ಕುಸುಬಿ ಹಳದಿಯಾಗುವುದು ಕಡಿಮೆ, ಆದರೆ ಪದರ ಮೆತ್ತಗೆ ಮತ್ತು ನಿಧಾನ. ಬಿಳಿ ಖಾದಿಯ ಕೊನೆಯ ಬೆಳಕುಗಳಿಗೆ ಮಾತ್ರ ಕುಸುಬಿ, ಕೆಳಗಿನ ಎಲ್ಲಕ್ಕೂ ಅಗಸಿ.

ಬಣ್ಣ ಕಲಸುವಾಗ ಇಳಕಲ್ ಕೆಂಪಿಗೆ ಬೇಕಾದ ಛಾಯೆಗಳ ಗುಪ್ಪೆಗಳನ್ನು ಚಾಕುವಿನಿಂದ ಮೊದಲೇ ಮಾಡಿಟ್ಟುಕೊಳ್ಳಿ. ನಡುಛಾಯೆಗೆ ಕ್ವಿನಾಕ್ರಿಡೋನ್ ಕೆಂಪು ಮತ್ತು ಕ್ಯಾಡ್ಮಿಯಂ ಕೆಂಪು. ನೆರಳಿಗೆ ಕ್ವಿನಾಕ್ರಿಡೋನಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್. ಬೆಳಕಿಗೆ ಬಿಳಿ ಸುರಿದರೆ ದಾಳಿಂಬೆ ಕೆಂಪು ಗುಲಾಬಿಯಾಗಿಬಿಡುತ್ತದೆ. ಮೊದಲು ಕ್ಯಾಡ್ಮಿಯಂ ಕಿತ್ತಳೆಯಿಂದ ಎತ್ತಿ, ಕಡೆಗೆ ಚೂರೇ ಚೂರು ಬಿಳಿ ಸೇರಿಸಿ. ಹಳೆಯ ಅಲಿಝರಿನ್ ಕ್ರಿಮ್ಸನ್ ತೆಳು ಗ್ಲೇಜಿನಲ್ಲಿ ಬೆಳಕಿಗೆ ಮಾಸುತ್ತದೆ, ಟ್ಯೂಬಿನ ಮೇಲೆ ಅದರ ಗುರುತು ಸಂಖ್ಯೆಯಾದ ಪಿಆರ್ 83 ಇದ್ದರೆ ಅದು ಬೇಡ. ಚಂದ್ರಕಾಳಿ ಸೀರೆಯ ಕಪ್ಪಿಗೆ ಐವರಿ ಬ್ಲ್ಯಾಕ್ ಒಂದನ್ನೇ ನಂಬಬೇಡಿ, ಅದು ಬಹಳ ನಿಧಾನ ಒಣಗುತ್ತದೆ, ನೋಡಲು ಗೋಡೆಯಲ್ಲಿನ ತೂತಿನಂತೆ ಸತ್ತಿರುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಕಲಸಿದ ಕಪ್ಪು ಜೀವಂತ. ಬೆಳಕಿನ ಕಡೆ ನೀಲಿ ಹೆಚ್ಚು, ನೆರಳಿನ ಕಡೆ ಅಂಬರ್ ಹೆಚ್ಚು.

ಇನ್ನು ಕುಣಿಕೆ. ಸೀರೆಯ ದಡಿಯಲ್ಲಿರುವ ಒಂದೇ ಒಂದು ಪಟ್ಟಿಯನ್ನು ಹಿಡಿದು ನೋಡೋಣ. ಒಂದು ಕೊಳವೆಯಂಥ ಮಡಿಕೆಯನ್ನು ಪಟ್ಟಿ ಅಡ್ಡ ದಾಟುತ್ತಿದೆ ಅಂದುಕೊಳ್ಳಿ. ಎಡದಿಂದ ಬರುವಾಗ ಅದು ನೇರ. ಮಡಿಕೆಯ ಬದಿ ಹತ್ತಿದ ಕೂಡಲೇ ಬಾಗುತ್ತದೆ, ನೆತ್ತಿಯಲ್ಲಿ ಕಮಾನಿನ ಹಾಗೆ ತಿರುಗಿ ಆಚೆ ಬದಿಗೆ ಇಳಿಯುತ್ತದೆ. ಅದರ ಮೇಲಿನ ಚಿಕ್ಕ ಚಿಕ್ಕ ಚುಕ್ಕಿಗಳ ನಡುವಿನ ಅಂತರ ನೆತ್ತಿಯಲ್ಲಿ ಪೂರ್ತಿ, ಬದಿಗೆ ಹೋದಂತೆ ಇಕ್ಕಟ್ಟು, ಕೊನೆಗೆ ಒಂದರ ಮೇಲೊಂದು. ಆಮೇಲೆ ಪಟ್ಟಿ ಮಡಿಕೆಯ ಹಿಂದೆ ಕಾಣೆಯಾಗಿ ಮುಂದಿನ ಮಡಿಕೆಯ ಮೇಲೆ ಮತ್ತೆ ಹುಟ್ಟುತ್ತದೆ, ಆದರೆ ಬಿಟ್ಟ ಎತ್ತರದಲ್ಲಿ ಅಲ್ಲ, ಸ್ವಲ್ಪ ಮೇಲೋ ಕೆಳಗೋ. ಈ ಜಿಗಿತವನ್ನು ಸರಿಯಾಗಿ ಅಳೆದರೆ ಕಾಣದ ಬಟ್ಟೆಯೂ ಇದೆ ಅಂತ ಕಣ್ಣು ನಂಬುತ್ತದೆ.

ಬಣ್ಣದಲ್ಲಿ ಇದನ್ನು ತರುವ ಕ್ರಮ: ಮೊದಲು ಮಡಿಕೆಯನ್ನು ಪಟ್ಟಿಯೇ ಇಲ್ಲದಂತೆ ಬರೆದು ಒಣಗಿಸಿ. ಪಟ್ಟಿಯ ಬಣ್ಣವನ್ನು ಮೂರು ಛಾಯೆಗಳಲ್ಲಿ ಕಲಸಿ: ಬೆಳಕು, ನಡು, ನೆರಳು. ಸಣ್ಣ ಚಪ್ಪಟೆ ಕುಂಚದಲ್ಲಿ, ಕೆಳಗಿನ ಬಟ್ಟೆಯ ಛಾಯೆ ಎಲ್ಲಿ ಬದಲಾಗುತ್ತದೋ ಅಲ್ಲೇ ಪಟ್ಟಿಯ ಛಾಯೆಯನ್ನೂ ಬದಲಿಸಿ. ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು, ಟ್ಯೂಬಿನಿಂದ ತೆಗೆದ ಒಂದೇ ಹಳದಿಯನ್ನು ಆ ತುದಿಯಿಂದ ಈ ತುದಿಗೆ ಎಳೆಯುವುದು. ಎಳೆದ ಕ್ಷಣ ಪಟ್ಟಿ ಬಟ್ಟೆ ಬಿಟ್ಟು ಮೇಲೆದ್ದು ಬರುತ್ತದೆ, ಯಾರೋ ಟೇಪ್ ಅಂಟಿಸಿದ ಹಾಗೆ.

ಈ ತಪ್ಪನ್ನೇ ಒಂದು ಜಾಗದಲ್ಲಿ ಬೇಕೆಂದೇ ಮಾಡಿದರೆ ಅದೇ ಕುಣಿಕೆ. ಪಟ್ಟಿ ನಾಲ್ಕು ಮಡಿಕೆಗಳನ್ನು ವಿಧೇಯವಾಗಿ ದಾಟಲಿ, ಬಾಗಲಿ, ಛಾಯೆ ಬದಲಿಸಲಿ. ಐದನೆಯ ಮಡಿಕೆಯ ನೆರಳಿನೊಳಗೆ ಹೋದ ಮೇಲೆ ಆಚೆ ಬರುವಾಗ ಅದು ಬಾಗದೆ ನೇರವಾಗಿ, ಒಂದೇ ಛಾಯೆಯಲ್ಲಿ, ಕ್ಯಾನ್ವಾಸಿನ ಅಂಚಿನವರೆಗೆ ಹೋಗಲಿ. ಬದಲಾವಣೆ ನೆರಳಿನೊಳಗೇ ಆಗಬೇಕು. ಬೆಳಕಿನ ನೆತ್ತಿಯ ಮೇಲೆ ಬದಲಾಯಿಸಿದರೆ ಕಣ್ಣು ಅದನ್ನು ತಪ್ಪು ಅಂತ ಹಿಡಿಯುತ್ತದೆ. ನೆರಳಿನಲ್ಲಿ ವಿವರ ಹೇಗೂ ಕಡಿಮೆ, ಅಲ್ಲಿ ನಿಯಮ ಬದಲಾದದ್ದು ಆಚೆ ಬಂದ ಮೇಲೆಯೇ ಗೊತ್ತಾಗುತ್ತದೆ.

ಮೈಮೇಲಿನ ನೇಯ್ಗೆ, ಕಸೂತಿಗೂ ಇದೇ ಲೆಕ್ಕ. ಗವಂತಿ, ಮುರಗಿ, ನೇಯ್ಗೆ, ಮೆಂಥೆ ಎಂಬ ನಾಲ್ಕು ಹೊಲಿಗೆಗಳನ್ನೂ ಎಣಿಸಿ ಎಣಿಸಿ ಬರೆಯಲು ಹೋದರೆ ಮಡಿಕೆ ಸಾಯುತ್ತದೆ. ಬಟ್ಟೆಯ ಒರಟು ನಿಚ್ಚಳವಾಗಿ ಕಾಣುವುದು ನಡುಛಾಯೆಯಲ್ಲಿ, ಬೆಳಕು ಓರೆಯಾಗಿ ಉಜ್ಜುವ ಜಾಗದಲ್ಲಿ ಮಾತ್ರ. ಪೂರ್ತಿ ಬೆಳಕಿನಲ್ಲಿ ಅದು ಕರಗುತ್ತದೆ, ನೆರಳಿನಲ್ಲಿ ಮುಳುಗುತ್ತದೆ. ಹೊಲಿಗೆಯ ವಿವರ ಆ ಕಿರಿದಾದ ಪಟ್ಟೆಯಲ್ಲಿ ಬಂದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಎರಡು ಲೋಕಗಳ ನಡುವೆ ಬೆಳಕಿನ ವ್ಯವಹಾರವೂ ಇರಬೇಕು. ಬಟ್ಟೆಯ ಪಕ್ಕ ಹಸಿರು ಹರವು ಇದ್ದರೆ ಆ ಹಸಿರು ಮಡಿಕೆಯ ನೆರಳಿನ ಒಳಗೆ ಪ್ರತಿಫಲಿತ ಬೆಳಕಾಗಿ ಬರಲೇಬೇಕು, ಕೆಂಪಿನ ನೆರಳಂಚಿನಲ್ಲಿ ಮಂಕಾದ ಒಂದು ಎಳೆಯಷ್ಟು. ನೆರಳಿಗಿಂತ ಕೊಂಚ ತಿಳಿ, ನಡುಛಾಯೆಗಿಂತ ಕಡು. ಇದು ಮೀರಿದರೆ ಬಟ್ಟೆ ತಗಡಾಗುತ್ತದೆ. ಹಾಗೆಯೇ ಬಟ್ಟೆಯ ಬಿದ್ದ ನೆರಳು ಒಂದು ಕಡೆಯಾದರೂ ಚಪ್ಪಟೆ ಹರವಿನ ಮೇಲೆ ಬೀಳಲಿ. ಅಂಚುಗಳಲ್ಲಿ ಮೂರನೇ ಒಂದು ಭಾಗ ಕಳೆದುಹೋಗಲಿ, ಅಂದರೆ ಬಟ್ಟೆಯ ನೆರಳೂ ಹರವಿನ ಬಣ್ಣವೂ ಒಂದೇ ಛಾಯೆಗೆ ಬಂದು ಬೆರೆಯಲಿ. ಒಣಗಿದ ಕುಂಚದಿಂದ ಹಸಿ ಅಂಚನ್ನು ಒಮ್ಮೆ ಸವರಿದರೆ ಸಾಕು. ಎಲ್ಲ ಅಂಚೂ ಚೂಪಾಗಿದ್ದರೆ ಕತ್ತರಿಸಿ ಅಂಟಿಸಿದ್ದೇ ಆಗುತ್ತದೆ.

ಹರವು ಮತ್ತು ಬಟ್ಟೆಗೆ ಅರ್ಧರ್ಧ ಪಾಲು ಬೇಡ. ಎರಡೂ ಸಮವಾದರೆ ಕಣ್ಣು ಎಲ್ಲೂ ನಿಲ್ಲದೆ ಅತ್ತಿತ್ತ ಅಲೆಯುತ್ತದೆ. ಮೂರರಲ್ಲಿ ಎರಡು ಪಾಲು ಯಾವುದಾದರೂ ಒಂದಕ್ಕೆ ಕೊಡಿ.

ಕೆಲಸದ ಕ್ರಮದಲ್ಲಿ ಒಂದು ಗಟ್ಟಿ ನಿಯಮ: ಚಾಕುವಿನಿಂದ ಹಾಕಿದ ದಪ್ಪ ಬಣ್ಣದ ಮೇಲೆ ನುಣುಪು ಮಡಿಕೆ ಬರೆಯಲು ಆಗುವುದಿಲ್ಲ. ಒಣಗಿದ ದಿಣ್ಣೆಗಳು ಪಕ್ಕದ ಬೆಳಕಿಗೆ ತಮ್ಮದೇ ನೆರಳು ಚೆಲ್ಲಿ, ನೀವು ಬರೆದ ನೆರಳನ್ನು ಸುಳ್ಳು ಮಾಡುತ್ತವೆ. ಮಡಿಕೆ ಮೊದಲು, ದಪ್ಪ ಬಣ್ಣ ಆಮೇಲೆ. ಗಡಿಯ ಹತ್ತಿರ ದಿಣ್ಣೆ ಎದ್ದರೆ ಬಣ್ಣ ಚರ್ಮದಷ್ಟು ಗಟ್ಟಿಯಾದಾಗ, ಎರಡು ಮೂರು ದಿನಕ್ಕೆ, ಚಾಕುವಿನ ಅಲಗಿನಿಂದ ಕೆರೆದು ಮಟ್ಟ ಮಾಡಿ. ನೇರ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚುವುದಾದರೆ ಕೆಳಗಿನ ಪದರ ಕನಿಷ್ಠ ಎರಡು ವಾರ ಒಣಗಿರಲಿ. ಮುಟ್ಟಿದರೆ ಅಂಟುವುದಿಲ್ಲ ಅಂದಮಾತ್ರಕ್ಕೆ ಹಚ್ಚಿದರೆ ಕೀಳುವಾಗ ಬಣ್ಣವೂ ಬರುತ್ತದೆ. ಅಮೂರ್ತ ಭಾಗವನ್ನು ಅಕ್ರಿಲಿಕ್ಕಿನಲ್ಲಿ ಮಾಡಬೇಕೆಂದರೆ ಎಲ್ಲಕ್ಕಿಂತ ಕೆಳಗೆ, ಮೊದಲೇ ಮಾಡಿ ಮುಗಿಸಿ. ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆಯಾಗಿ ಏಳುತ್ತದೆ. ಟರ್ಪಂಟೈನ್ ಬಹಳ ಬೆರೆಸಿ ಹರಿಯಬಿಟ್ಟ ಜಾಗಗಳು ಒಣಗಿದ ಮೇಲೆ ಬೂದಿ ಬಳಿದಂತೆ ಮಂಕಾಗುತ್ತವೆ, ಏಕೆಂದರೆ ಬಣ್ಣದ ಪುಡಿ ಹಿಡಿದಿಡುವಷ್ಟು ಎಣ್ಣೆ ಅಲ್ಲಿ ಉಳಿದಿರುವುದಿಲ್ಲ. ಅಗಸಿ ಎಣ್ಣೆಗೆ ಸಮ ಟರ್ಪಂಟೈನ್ ಬೆರೆಸಿ ಅರಿವೆಯಲ್ಲಿ ತೆಳುವಾಗಿ ಉಜ್ಜಿ, ಹತ್ತು ನಿಮಿಷ ಬಿಟ್ಟು, ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿದರೆ ಬಣ್ಣ ಮರಳುತ್ತದೆ.

ಹವಾಮಾನದಲ್ಲಿ ಧಾರವಾಡಕ್ಕೂ ಗದಗಿಗೂ ದೊಡ್ಡ ವ್ಯತ್ಯಾಸ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪದರ ಒಣಗಲು ಬೇಸಿಗೆಯ ಎರಡು ಪಟ್ಟು ದಿನ ಹಿಡಿದರೂ ಅಚ್ಚರಿ ಇಲ್ಲ, ಕ್ಯಾನ್ವಾಸ್ ಜೋಲುತ್ತದೆ, ಗೋಡೆಗೆ ತಾಗಿಸಿಟ್ಟರೆ ಹಿಂಬದಿ ಬೂಷ್ಟು ಬರುತ್ತದೆ. ಎರಡು ಇಂಚು ಅಂತರ ಬಿಡಿ, ಚೌಕಟ್ಟಿನ ಮೂಲೆಯ ಮರದ ಬೆಣೆಗಳನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಿ, ಹಿಂಬದಿಗೆ ನೀರು ಚಿಮುಕಿಸಬೇಡಿ. ಕತ್ತಲ ಕೋಣೆಯಲ್ಲಿ ಒಣಗಲು ಇಟ್ಟರೆ ಅಗಸಿ ಎಣ್ಣೆ ಇನ್ನಷ್ಟು ಹಳದಿಯಾಗುತ್ತದೆ, ಬೆಳಕಿರುವ ಕಡೆಯೇ ಇಡಿ. ಗದಗಿನ ಬೇಸಿಗೆಯಲ್ಲಿ ಬಣ್ಣ ಬೇಗ ಒಣಗುತ್ತದೆ, ಆದರೆ ಸಂಜೆಯ ಗಾಳಿ ತರುವ ಮಣ್ಣಿನ ಧೂಳು ಹಸಿ ಗ್ಲೇಜಿಗೆ ಅಂಟಿ ರವೆಯ ಹಾಗೆ ನಿಲ್ಲುತ್ತದೆ. ಹಸಿ ಚಿತ್ರವನ್ನು ಗೋಡೆಯ ಕಡೆ ಮುಖ ಓರೆ ಮಾಡಿ ನಿಲ್ಲಿಸಿದರೆ ಧೂಳು ಕೂರುವುದು ಕಡಿಮೆ.

ಎಣ್ಣೆ ಒರೆಸಿದ ಅರಿವೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಹೊತ್ತಿಕೊಂಡು ಮನೆ ಸುಡುವಷ್ಟು ಆಗಬಹುದು. ನೀರು ತುಂಬಿದ, ಮುಚ್ಚಳ ಇರುವ ಡಬ್ಬಿಯಲ್ಲಿ ಮುಳುಗಿಸಿಡಿ, ಅಥವಾ ಹೊರಗೆ ಒಂದೊಂದಾಗಿ ತಂತಿಗೆ ಹರವಿ ಒಣಗಿಸಿ. ಟರ್ಪಂಟೈನ್ ಬಳಸುವಾಗ ಎದುರುಬದುರು ಎರಡು ಕಿಟಕಿ ತೆರೆದಿರಲಿ.

ವಾರ್ನಿಷಿಗೆ ಅವಸರ ಬೇಡ. ತೆಳು ಮಡಿಕೆಯ ಭಾಗ ಆರು ತಿಂಗಳಿಗೆ ತಯಾರಾದರೂ ಚಾಕುವಿನ ದಪ್ಪ ಭಾಗಕ್ಕೆ ಒಂದು ವರ್ಷ ಬೇಕು, ಒಂದೇ ಕ್ಯಾನ್ವಾಸ್ ಆದ್ದರಿಂದ ನಿಧಾನದ ಭಾಗದ ಲೆಕ್ಕವೇ ಲೆಕ್ಕ. ಅಷ್ಟರಲ್ಲಿ ತೋರಿಸಬೇಕಾದರೆ ರೀಟಚ್ ವಾರ್ನಿಷ್ (ತಾತ್ಕಾಲಿಕವಾಗಿ ಹಚ್ಚುವ ತೆಳು ವಾರ್ನಿಷ್) ಒಂದು ತೆಳು ಕೈ. ಪೂರ್ತಿ ವಾರ್ನಿಷನ್ನು ಮಳೆಗಾಲ ಬಿಟ್ಟು ಒಣ ಹವೆಯ ದಿನ ಹಾಕಿ. ತೇವದ ದಿನ ಹಾಕಿದರೆ ಕಡು ನೆರಳುಗಳ ಮೇಲೆ ನೀಲಿ ಮಬ್ಬು ಕಟ್ಟುತ್ತದೆ, ಅದೂ ಪಟ್ಟಿ ನೆರಳಿನೊಳಗೆ ಹೋಗಿ ನೇರವಾಗಿ ಆಚೆ ಬರುವ ಆ ಜಾಗದಲ್ಲೇ ಎಲ್ಲಕ್ಕಿಂತ ಮೊದಲು ಕಾಣುತ್ತದೆ.